ಅಜ್ಜಿ ಹೆಸರು ಹೇಳದ ಎಲೆ

ಆಡುಸೋಗೆಯ ಎಲೆಯೊಂದನ್ನು ಅಂಗೈಯಲ್ಲಿ ಹಿಸುಕಿ ಮೂಗಿಗೆ ಹಿಡಿದೆ. ಕಹಿ ವಾಸನೆ, ಅದರ ಹಿಂದೆಯೇ ಹಸಿ ಘಾಟು. ಊಹೂಂ, ಇದೂ ಅಲ್ಲ. ಎಲೆಗಳ ಸಾರ ತೆಗೆದು, ಕೆಮ್ಮು ಜ್ವರ ತರುವ ವೈರಸ್ಸನ್ನು ಅದು ತಡೆಯುತ್ತದೆಯೇ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಯಾವ ಎಲೆ ಬಂದರೂ ಮೊದಲು ನನ್ನ ಮೂಗಿಗೆ ಹಾಜರಿ ಹಾಕಬೇಕು. “ಇಷ್ಟೊಂದು ಮಿಷಿನ್ ಇಟ್ಕೊಂಡು ಮೂಗ್ಯಾಕೆ ಮೇಡಂ?” ಎಂದು ಜೊತೆಯ ಹುಡುಗಿ ನಗುತ್ತಾಳೆ. ಏನು ಮಾಡಲಿ, ನಾನು ಹುಡುಕುವ ಎಲೆಯ ಗುರುತು ಇರುವುದು ಮೂಗಿನಲ್ಲಿ ಮಾತ್ರ.

ನಾನು ಚಿಕ್ಕವಳಿದ್ದಾಗ ನಮ್ಮೂರು ಹೇರೋಹಳ್ಳಿ ಇನ್ನೂ ಹಳ್ಳಿಯೇ. ಮನೆಯ ಹಿಂದೆ ನಮ್ಮ ರಾಗಿ ಹೊಲ, ಹೊಲದ ಸುತ್ತ ಆಳೆತ್ತರದ ಹಸಿರು ಬೇಲಿ. ನನಗೆ ಕೆಮ್ಮು ಶುರುವಾದರೆ ಅಜ್ಜಿ ತುಳಸಿ, ದೊಡ್ಡಪತ್ರೆ, ಶುಂಠಿ, ಮೆಣಸು ಎಲ್ಲವನ್ನೂ ನನ್ನೆದುರಿಗೇ ಜಜ್ಜಿ ಕುದಿಯಲು ಇಡುತ್ತಿದ್ದಳು. ಆಮೇಲೆ ಬೇಲಿಯ ಕಡೆ ಹೋಗಿ, ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದು, ನನಗೆ ಬೆನ್ನು ತಿರುಗಿಸಿ ಪಾತ್ರೆಗೆ ಹಾಕುತ್ತಿದ್ದಳು. ಆ ಕ್ಷಣಕ್ಕೆ ಅಡುಗೆಮನೆಯ ವಾಸನೆಯೇ ಬದಲಾಗುತ್ತಿತ್ತು. ನಿಂಬೆ ಸಿಪ್ಪೆಯೂ ಸುಟ್ಟ ಜೀರಿಗೆಯೂ ಸೇರಿದ ಹಾಗೆ, ಕಟ್ಟಿದ ಮೂಗಿಗೂ ತಾಕುವ ವಾಸನೆ.

“ಅದೇನಜ್ಜಿ?”

“ಹೆಸ್ರು ಹೇಳುದ್ರೆ ಮದ್ದಿನ ಗುಣ ಹೋಯ್ತದೆ ಕಣವ್ವ. ಸುಮ್ನೆ ಕುಡಿ.”

“ನೀನು ಹೇಳಿದ್ದು ಗಿಡಕ್ಕೆ ಹೆಂಗೆ ಗೊತ್ತಾಗುತ್ತೆ?”

“ಎಲ್ಲಾದಕ್ಕೂ ಮೂಗು ತೂರುಸ್ತೀಯಲ್ಲೇ!”

ನಾನು ಬಿಡುವವಳೇ? ಶಾಲೆಗೆ ರಜೆ ಸಿಕ್ಕಿದಾಗಲೆಲ್ಲ ಬೇಲಿಯ ಒಂದೊಂದೇ ಎಲೆ ಕಿತ್ತು ಮೂಸಿದೆ, ಅಗಿದೆ; ಆ ವಾಸನೆ ಮಾತ್ರ ಸಿಗಲಿಲ್ಲ. ಒಮ್ಮೆ ಬೇಲಿ ಬುಡದ ಕೆಸವಿನ ಎಲೆ ಅಗಿದು ನಾಲಿಗೆಯೆಲ್ಲ ಕೆರೆದು ಬೊಬ್ಬೆ ಹೊಡೆದಾಗ, ಅಜ್ಜಿ ಹುಣಸೆಹಣ್ಣು ತಿಕ್ಕುತ್ತಾ ಬಿದ್ದು ಬಿದ್ದು ನಕ್ಕಳೇ ಹೊರತು ಹೆಸರು ಮಾತ್ರ ಹೇಳಲಿಲ್ಲ. “ಅವಳ ಕಷಾಯ ಕುಡಿದ್ರೆ ಏಳು ದಿನಕ್ಕೆ ವಾಸಿ, ಕುಡೀದಿದ್ರೆ ವಾರಕ್ಕೆ” ಎಂದು ಅಪ್ಪ ರೇಗಿಸುತ್ತಿದ್ದರು. ಅಪ್ಪನ ಮಾತೇ ನಿಜವಿದ್ದೀತು. ಗಾಜಿನ ತಟ್ಟೆಯಲ್ಲಿ ವೈರಸ್ಸನ್ನು ತಡೆದ ಎಲೆ ಮನುಷ್ಯರ ಎದೆಯೊಳಗೂ ತಡೆಯುತ್ತದೆಂದು ನಾನಂತೂ ಆಣೆ ಮಾಡಲಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮದು ಬೇಲಿಯ ಗಿಡ, ಅದಕ್ಕೇ ಮದ್ದಾಗಿತ್ತೋ ಏನೋ. ಒಂದು ಸಲ ಪರೀಕ್ಷಿಸಿ ನೋಡಬೇಕೆಂಬ ಆಸೆ ಮಾತ್ರ ಹೋಗಿಲ್ಲ.

ಅಜ್ಜಿ ಕೊನೆಗೆ ಉಬ್ಬಸದಿಂದ ಹಾಸಿಗೆ ಹಿಡಿದಳು. ಡಾಕ್ಟರ ಮದ್ದು ನಡೆಯುತ್ತಿತ್ತು. ನಾನು ಆಗಷ್ಟೇ ಈ ಕೆಲಸಕ್ಕೆ ಸೇರಿದ್ದೆ. ಒಂದು ಮಧ್ಯಾಹ್ನ ಅವಳ ಎದೆ ನೀವುತ್ತಾ ಕೇಳಿದೆ, “ಈಗಾದ್ರೂ ಹೇಳಜ್ಜಿ, ಆ ಎಲೆ ಹೆಸರೇನು?”

ಅಜ್ಜಿ ಕೆಮ್ಮುತ್ತಲೇ ನಕ್ಕಳು. “ಹೆಸ್ರು ನಂಗೆಲ್ಲೇ ಗೊತ್ತು? ನಮ್ಮವ್ವ ಎಲೆ ತೋರ್ಸಿ, ಬಾಯ್ ಮೇಲೆ ಬೆರಳಿಟ್ಲು. ಅವಳೂ ಹೇಳ್ನಿಲ್ಲ, ನಾನೂ ಕೇಳ್ನಿಲ್ಲ.”

ನನಗೆ ನಗು ಬಂತು, ಅಳುವೂ ಬಂತು. ಅಜ್ಜಿ ನನ್ನ ಕೈ ಹಿಡಿದು ಏಳಲು ನೋಡಿದಳು. “ನಡಿ, ಬೇಲೀಲಿ ತೋರುಸ್ತೀನಿ. ಕಣ್ಣಲ್ಲಿ ನೋಡ್ಕೊಂಬುಡು, ಸಾಕು.”

ಹೊಲ ಸೈಟುಗಳಾಗಿತ್ತು. ಹಿಂದಿನ ತಿಂಗಳಷ್ಟೇ ಜೆಸಿಬಿ ಬಂದು ಬೇಲಿಯನ್ನು ಬುಡಸಮೇತ ಎತ್ತಿತ್ತು. ಆ ಸದ್ದು ಪಕ್ಕದವರ ಮನೆ ಕೆಲಸದ್ದೆಂದು ನಾವೆಲ್ಲ ಸೇರಿ ಅಜ್ಜಿಗೆ ಸುಳ್ಳು ಹೇಳಿದ್ದೆವು.

“ಇವತ್ತು ಬಿಸಿಲು ಜಾಸ್ತಿ. ನಾಳೆ ಹೋಗೋಣ ಅಜ್ಜಿ” ಎಂದೆ.

ಅಜ್ಜಿ ಹೂಂ ಅಂದಳು. ಮಾರನೆಯ ದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಕೂತು, ನನ್ನ ದಾರಿ ನೋಡುತ್ತಿದ್ದಳು.