ಮೂರನೇ ಕೂಗು

ನಂದಿದುರ್ಗದ ಚಿನ್ನದ ಗಣಿ ಮುಚ್ಚಿ ಇಷ್ಟು ವರ್ಷವಾದರೂ ನಮ್ಮ ಹಳ್ಳಿಯ ಸೊಣ್ಣಮ್ಮಜ್ಜಿ ಆ ಕಡೆಗೆ ಮೇಕೆ ಹೊಡೆದವಳಲ್ಲ. ಅವಳ ಗಂಡ ಕದಿರಪ್ಪ ಅಲ್ಲಿನ ಹಳೇ ಶಾಫ್ಟಿನೊಳಗೆ, ಆ ಆಳದ ಗಣಿಬಾವಿಯಲ್ಲಿ, ಬಂಡೆ ಕುಸಿದು ಹೋದ. ನಮ್ಮಪ್ಪನೂ ಅದೇ ಪಾಳಿಯಲ್ಲಿದ್ದ. ಮನೆಗೊಬ್ಬರಂತೆ ಹೋದರು, ಒಂದು ಹೆಣವೂ ಮೇಲೆ ಬರಲಿಲ್ಲ. ಶಾಫ್ಟಿನ ಹತ್ತಿರ ಯಾರೇ ಹೆಸರು ಹಿಡಿದು ಕರೆದರೂ ಮೂರನೇ ಕೂಗಿನ ತನಕ ಓಗೊಡಬಾರದು ಎಂಬುದು ಅಂದಿನಿಂದ ನಮ್ಮವರ ಕಟ್ಟುಪಾಡು. ಕೆಳಗಿರುವವರಿಗೆ ಎರಡು ಸಲ ಕರೆಯುವಷ್ಟೇ ಉಸಿರಂತೆ.

ಹೋದ ಚುನಾವಣೆಯಲ್ಲಿ ಸುಧಾಕರ್ ಸೋತದ್ದು ನಮ್ಮ ಹಳ್ಳಿಯ ಓಟಿನಿಂದ. ಈ ಸಲ ಆ ಮನೆಹಾಳ, ಅಧಿಕಾರಿಗಳ ಹಿಂದೆಮುಂದೆ ಸುತ್ತಿ, ಮತಗಟ್ಟೆಯನ್ನು ನಮ್ಮ ಶಾಲೆಯಿಂದ ಎತ್ತಿಸಿ ಶಾಫ್ಟ್ ಪಕ್ಕದ ಹಾಳು ಷೆಡ್ಡಿಗೆ ಹಾಕಿಸಿದ. ಶಾಲೆಯ ಮಾಡು ಸೋರುತ್ತದೆ ಎಂದು ಸಬೂಬು. ಷೆಡ್ಡಿಗೆ ಮಾಡೇ ಅರ್ಧ! ನಾವ್ಯಾರೂ ಅಲ್ಲಿಗೆ ಕಾಲಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಅವನೂ ಇಲ್ಲೇ ಹುಟ್ಟಿದವನು. ನನಗೆ ಮೈಯೆಲ್ಲ ಉರಿಯಿತು.

ಮತದಾನದ ದಿನ ಯಾರೂ ಹೊಸಿಲು ದಾಟಲಿಲ್ಲ. ಸೊಣ್ಣಮ್ಮಜ್ಜಿ ಮಾತ್ರ ಬಂದು ನನ್ನ ಕೈ ಹಿಡಿದಳು.

“ಬಾರಮ್ಮಿ ಸುಕನ್ಯ. ಓಟಾಕ್ದಿದ್ರೆ ನಮ್ಮೂರ್ನೇ ಸತ್ತೋರ ಲೆಕ್ಕಕ್ಕೆ ಸೇರುಸ್ಬುಡ್ತಾರೆ.”

ನಡುಹಗಲಲ್ಲೂ ಷೆಡ್ಡಿನೊಳಗೆ ತಣ್ಣಗಿತ್ತು. ಅಧಿಕಾರಿ ಅಜ್ಜಿಯ ಚೀಟಿ ನೋಡಿ ಕರೆದರು, “ಸೊಣ್ಣಮ್ಮ?” ಅಜ್ಜಿ ನೆಲ ನೋಡಿದಳು. “ಸೊಣ್ಣಮ್ಮ ನೀವೇನಾ?” ಅವಳ ತುಟಿ ಅಲುಗಲಿಲ್ಲ.

ಸುಧಾಕರನ ಏಜೆಂಟ್ ಗೋಪಿ ನಕ್ಕ. “ಎಸ್ರೇ ಗೊತ್ತಿಲ್ಲ ಸಾರ್, ಕಳ್ಳ ಓಟು. ಆಚೆ ಕಳ್ಸಿ.”

ಅಧಿಕಾರಿ ಚೀಟಿಯನ್ನು ಪಕ್ಕಕ್ಕೆ ಸರಿಸಿದರು. ಇನ್ನೊಂದು ಸಲ ಕರೆಯಿರಿ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ, ಹಿಂದಿನ ಮುರಿದ ಕಿಟಕಿಯಾಚೆಯಿಂದ ಗಂಡುದನಿಯೊಂದು ಮೆಲ್ಲಗೆ ಕರೆಯಿತು.

“ಸೊಣ್ಣೀ...”

ಆ ಕಿಟಕಿಯಾಚೆ ಶಾಫ್ಟಿನ ಬಾಯಿ ಬಿಟ್ಟರೆ ಏನೂ ಇಲ್ಲ. ಗೋಪಿಯ ನಗು ನಿಂತಿತು.

“ಓ,” ಎಂದು ಅಜ್ಜಿ ಶಾಯಿಗೆ ಬೆರಳು ಚಾಚಿದಳು. ಅವಳು ಓಟು ಹಾಕಿ ಹೊರಟಾಗ ನಾನು ನನ್ನ ಚೀಟಿ ಕೊಡುವುದನ್ನೂ ಮರೆತು ಅವಳ ಹಿಂದೆ ಓಡಿದೆ.

ಊರಿಗೆ ಬಂದು ಅವಳು ಬೀದಿಯಲ್ಲೇ ನಿಂತು ಹೇಳಿದಳು. “ಎರಡು ಸಲ ಆಪೀಸರು ಕರುದ್ರು, ಮಿಕ್ಕಿದ್ದೊಂದು ನನ್ ಗಂಡ ಆಯಪ್ಪ ಕರುದ. ಓಗ್ರಪ್ಪಾ, ಅಲ್ಲಿರೋರು ನಮ್ಮೋರೇ ಅಲ್ವಾ?”

ಹೊತ್ತು ಇಳಿಯುವ ಮುಂಚೆ ಇಡೀ ಹಳ್ಳಿ ಷೆಡ್ಡಿನ ಮುಂದೆ ಸಾಲು ನಿಂತಿತು. ನನ್ನ ಸರದಿ ಬಂದಾಗ ಅಧಿಕಾರಿ ಎರಡು ಸಲ ಕರೆದು, ಕಿಟಕಿಯತ್ತ ನೋಡದೆ ಸುಮ್ಮನಾದರು. ಮೂರನೆಯ ಸಲ ಕರೆದ ದನಿಯನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

“ಬಂದೆ ಅಪ್ಪಾ,” ಎಂದೆ.