ಉಗುಳಿನ ಬಟ್ಟಲಿಗೆ ಮಾಡಿಕೊಟ್ಟ ಗೂಡು

ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ಗೋಳಗುಮ್ಮಟದ ಹಿಂದೆ ತಗಡಿನ ಶೆಡ್ಡೊಂದರಲ್ಲಿ ಬಡಿಗತನ ಮಾಡುತ್ತಿದ್ದೆ. ಅಪ್ಪ ಅರಕೇರಿಯಲ್ಲಿ ಚಕ್ಕಡಿ, ಕೂರಿಗೆ ಮಾಡಿ ಬದುಕಿದವರು. ನಾನು ಪೇಟೆಗೆ ಬಂದು ಕುರ್ಚಿ, ಕಪಾಟು ಮಾಡಲು ಕಲಿತೆ. ಒಂದು ವರ್ಷ ಊರಿನ ಅರಳೆ ಸಾವ್ಕಾರರೊಬ್ಬರು ಹಳೆಯ ಬಸ್ಸು ಕೊಂಡು, ಅದರೊಳಗೆ ಮನೆ ಮಾಡಿಕೊಡು ಎಂದು ನನ್ನನ್ನು ಕರೆಸಿದರು. ಅರಳೆ ಖರೀದಿಗೆ ಅವರು ಟಿಕೋಟಾ, ಬಬಲೇಶ್ವರದ ಕಡೆ ವಾರಗಟ್ಟಲೆ ತಿರುಗಬೇಕಾಗುತ್ತಿತ್ತು. ಪರಸ್ಥಳದಲ್ಲಿ ಯಾರ ಮನೆಯಲ್ಲೂ ಮಲಗುತ್ತಿರಲಿಲ್ಲ, ಯಾರ ತಾಟಿನಲ್ಲೂ ಉಣ್ಣುತ್ತಿರಲಿಲ್ಲ. "ಕಂಡೋರ ಮನ್ಯಾಗ ಹೊಲಸ ಇರತೈತೋ" ಎನ್ನುವರು.

ಮಂಚ, ಕಪಾಟು, ಸ್ಟೋವಿಗೆ ಕಟ್ಟೆ, ನೀರಿನ ಪೀಪಾಯಿಗೆ ಚೌಕಟ್ಟು ಎಲ್ಲ ಮಾಡಿಕೊಟ್ಟೆ. ಜನ ಅದನ್ನು ಮನಿಗಾಡಿ ಎಂದು ಕರೆಯತೊಡಗಿದರು. ಕೆಲಸ ಮುಗಿಯಿತು ಅಂದುಕೊಂಡಿದ್ದಾಗ ಸಾವ್ಕಾರರು ಮತ್ತೆ ಹೇಳಿಕಳಿಸಿದರು.

ಅವರ ಬಾಯಲ್ಲಿ ಎಲೆ ತಂಬಾಕು ಇಲ್ಲದ ಗಳಿಗೆಯನ್ನು ನಾನು ನೋಡಲೇ ಇಲ್ಲ. ಕಿಟಕಿಯಿಂದ ಉಗುಳಿದರೆ ಗಾಳಿಗೆ ಹಿಂದಿರುಗಿ ಅವರದೇ ಬಿಳಿ ಅಂಗಿಯ ಮೇಲೆ ಬೀಳುತ್ತಿತ್ತು. ಅದಕ್ಕೆ ಒಂದು ಅಗಲಬಾಯಿಯ ಹಿತ್ತಾಳೆ ಬಟ್ಟಲು ಇಟ್ಟಿದ್ದರು. ಆ ಬಟ್ಟಲನ್ನು ಯಾರು ಹಿಡಿಯಬೇಕು? ಡ್ರೈವರ್. ಐವತ್ತು ದಾಟಿದ ಮನುಷ್ಯ, ಖಾಕಿ ಅಂಗಿಯನ್ನು ದಿನಾ ಒಗೆದು, ಮಡಿಕೆ ಹಾಕಿ ತೊಡುವವನು. ಅವನು ಅದನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಗಾಡಿ ಹೊಡೆಯುತ್ತಿದ್ದ. ಸಾವ್ಕಾರರು ಎಡಗಡೆಯ ಸೀಟಿನಿಂದ ಬಗ್ಗಿ ಅವನ ತೊಡೆಯ ನಡುವೆ ಉಗುಳುತ್ತಿದ್ದರು. ಮೊದಲ ಸಲ ಅದನ್ನು ನೋಡಿದಾಗ ನಾನು ಮುಖ ತಿರುಗಿಸಿದೆ.

"ಸ್ಟೇರಿಂಗ್ ಬಾಜೂಕ ಇದಕ್ಕೊಂದು ಗೂಡ ಮಾಡೋ. ಗಾಡಿ ಜಿಗದಾಗೊಮ್ಮೆ ಚೆಲ್ಲತಾನ ಇಂವ" ಎಂದರು ಸಾವ್ಕಾರರು.

ಜಾಲಿಯ ಹಲಗೆಗೆ ದುಂಡಗೆ ತೂತು ಕೊರೆದು, ಕೆಳಗೊಂದು ಆಧಾರ ಕೊಟ್ಟು, ಡ್ಯಾಶ್‌ಬೋರ್ಡಿನ ನಡುವೆ ಸ್ಕ್ರೂ ಹೊಡೆದೆ. ನೋಡೋಣವೆಂದು ನಾನೂ ಟಿಕೋಟಾದವರೆಗೆ ಜೊತೆಗೆ ಹೋದೆ. ಊರು ದಾಟಿ ರಸ್ತೆ ಕೆಟ್ಟಿದ್ದೇ ತಡ, ಬಟ್ಟಲು ಮೇಲಕ್ಕೆ ಹಾರಿ ಡ್ಯಾಶ್‌ಬೋರ್ಡಿನ ತುಂಬ ಕೆಂಪಗೆ ಹರಿಯಿತು. ಸ್ಪೀಡು ತೋರಿಸುವ ಗಾಜಿನ ಸಂದಿಗೂ ಇಳಿಯಿತು. ಡ್ರೈವರ್ ಗಾಡಿ ನಿಲ್ಲಿಸಿ ಒರೆಸಿದ. ಒರೆಸಿದ್ದು ತನ್ನ ಹೆಗಲ ಮೇಲಿನ ಟವಲಿನಿಂದ.

ಎರಡನೆಯ ಸಲ ತೂತು ಬಿಟ್ಟು ಡಬ್ಬಿಯನ್ನೇ ಮಾಡಿದೆ. ಬಟ್ಟಲು ಮುಕ್ಕಾಲು ಭಾಗ ಮುಳುಗುವಷ್ಟು ಆಳ, ಒಳಗೆ ಅಲುಗಾಡದಂತೆ ಕಂಬಳಿಯ ತುಂಡು. ಮೂಲೆಗಳನ್ನು ಸಂದಿಲ್ಲದಂತೆ ಕೂಡಿಸಿದ್ದೆ. ಇಂಥ ಕೆಲಸಕ್ಕೂ ನನ್ನ ಕೈ ಅಷ್ಟು ಅಚ್ಚುಕಟ್ಟಾಗಿ ಓಡಿತಲ್ಲ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಹೆಮ್ಮೆಯೇ ಆಗಿತ್ತು.

ಹತ್ತು ದಿನ ಬಿಟ್ಟು ಗಾಡಿ ಶೆಡ್ಡಿಗೆ ಬಂತು. ಬಾಗಿಲು ತೆರೆಯುತ್ತಲೇ ಹುಳಿತ ವಾಸನೆ ಮೂಗಿಗೆ ಬಡಿಯಿತು. ಕಂಬಳಿ ಉಗುಳು ಕುಡಿದು ಕುಡಿದು ಉಬ್ಬಿತ್ತು. ಮೇಲೆ ನೊಣ. ಚಿಮಟಿಗೆಯಿಂದ ಎಳೆದರೆ ಬರಲಿಲ್ಲ, ಬೆರಳು ಹಾಕಿಯೇ ಕೀಳಬೇಕಾಯಿತು. ಅದು ಲೋಳೆಯಾಗಿ ಮಣಿಕಟ್ಟಿಗೆ ಇಳಿದಾಗ ನಾನು ಹೊರಗೆ ಓಡಿ ವಾಂತಿ ಮಾಡಿಕೊಂಡೆ. ಡ್ರೈವರ್ ಬಂದು ನೀರು ಹಾಕಿದ.

"ನಿಮಗ ಹೇಸಿಗಿ ಬರಂಗಿಲ್ಲೇನ್ರಿ?" ಕೇಳಿದೆ.

"ಮೊದಲ ಬರತಿತ್ತು" ಎಂದ. ನನ್ನ ಕೈಗೆ ಇನ್ನೊಮ್ಮೆ ನೀರು ಸುರಿಯುತ್ತ, "ತಮ್ಮಾ, ನನ್ನ ಚಾದ ಗ್ಲಾಸ ಇಡಾಕೂ ಒಂದು ಸಣ್ಣ ಗೂಡ ಮಾಡಿ ಕೊಡತೀಯೇನು? ಬಿಸಿ ಚಾ ಕೈಯಾಗ ಹಿಡಕೊಂಡ ಗಾಡಿ ಹೊಡ್ಯಾಕ ಆಗವಲ್ದು. ಅವರನ್ನ ಕೇಳಿದ್ದಿಲ್ಲ. ಕೇಳಿದ್ರ ನಿನ್ನ ಎಂಜಲ ನನ್ನ ಮುಂದ ಇಡಬ್ಯಾಡ ಅಂತಾರ" ಎಂದ.

ನನಗೆ ಉರಿದುಹೋಯಿತು. ಆ ಡಬ್ಬಿಯನ್ನು ಅಲ್ಲೇ ಕಿತ್ತು ಒಲೆಗೆ ಹಾಕಿದೆ. ಡ್ಯಾಶ್‌ಬೋರ್ಡಿನ ನಡುವೆ, ಅದಿದ್ದ ಜಾಗದಲ್ಲೇ, ಚಹಾದ ಗಾಜಿನ ಗ್ಲಾಸು ಮಾತ್ರ ಹಿಡಿಯುವಂಥ ಗೂಡು ಕೂಡಿಸಿದೆ. ಹಿತ್ತಾಳೆ ಬಟ್ಟಲಿಗೆ ಸಾವ್ಕಾರರ ಎಡಗಡೆ, ಅವರ ಬಾಗಿಲ ಹತ್ತಿರ, ಮುಚ್ಚಳವಿರುವ ಗೂಡು ಮಾಡಿದೆ. ತುಂಬಿದರೆ ಅವರೇ ಕೈ ಚಾಚಿ ಹೊರಗೆ ಚೆಲ್ಲಬಹುದು.

ಮರುದಿನ ಬೆಳಿಗ್ಗೆ ಬಬಲೇಶ್ವರಕ್ಕೆ ಹೊರಟರು. ಕಪಾಟಿನ ಬಾಗಿಲೊಂದನ್ನು ದಾರಿಯಲ್ಲೇ ತಿದ್ದಬೇಕೆಂದು ನನ್ನನ್ನೂ ಕರೆದುಕೊಂಡರು. ಬಟ್ಟಲಿನ ಜಾಗ ಬದಲಾಗಿದ್ದಕ್ಕೆ ಸಾವ್ಕಾರರು ಗೊಣಗಿದರು, ಆದರೆ ಅತ್ತಲೇ ಉಗುಳಿದರು. ಬಬಲೇಶ್ವರದಲ್ಲಿ ಖರೀದಿ ಮುಗಿದು ಟಿಕೋಟಾದ ದಾರಿ ಹಿಡಿಯುವ ಮೊದಲು ಡ್ರೈವರ್ ಹೋಟೆಲ್ಲಿನಿಂದ ತನ್ನ ಗ್ಲಾಸಿನಲ್ಲಿ ಮುಕ್ಕಾಲರಷ್ಟು ಚಹಾ ತಂದು ಹೊಸ ಗೂಡಿನಲ್ಲಿಟ್ಟ. ಗಾಡಿ ಕುಣಿದರೂ ಚೆಲ್ಲಲಿಲ್ಲ. ಎರಡು ಗುಟುಕು ಕುಡಿದು, ಕನ್ನಡಿಯಲ್ಲಿ ಹಿಂದೆ ಕೂತಿದ್ದ ನನ್ನತ್ತ ನೋಡಿ ನಕ್ಕ.

ಸಾವ್ಕಾರರು ಆ ನಗು ನೋಡಿದರು. ಗ್ಲಾಸಿನತ್ತ ಬೆರಳು ಮಾಡಿದರು. "ಇದ್ಯಾರದೋ?"

"ನಂದರೀ. ಚಾ" ಎಂದ ಡ್ರೈವರ್.

ಸಾವ್ಕಾರರು ಮುಂದೆ ಬಗ್ಗಿದರು. ಬಾಯಿ ತುಂಬಿದ್ದನ್ನೆಲ್ಲ ಆ ಅರ್ಧ ಗ್ಲಾಸು ಚಹಾದೊಳಗೆ ಬಿಟ್ಟು, ಹಿಂದಕ್ಕೆ ಒರಗಿ ಕೂತರು. ಕೋಪದಿಂದಲ್ಲ, ದಿನಾ ಮಾಡುವ ಕೆಲಸವೆಂಬಂತೆ. ಗ್ಲಾಸಿನ ಮೇಲ್ಗಡೆ ನೊರೆ ಎದ್ದು, ಒಂದು ಎಲೆಯ ಚೂರು ತಿರುಗುತ್ತಿತ್ತು. ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಡ್ರೈವರ್ ಗಾಡಿಯನ್ನು ಮೆಲ್ಲಗೆ ಬದಿಗೆ ತಂದು ಒಂದು ಜೋಳದ ಹೊಲದ ಹತ್ತಿರ ನಿಲ್ಲಿಸಿದ. ಕೀಲಿ ತೆಗೆದು ಸೀಟಿನ ಮೇಲಿಟ್ಟ.

"ಇನ್ನ ನೀವ ಹೊಡಕೊಂಡ ಹೋಗ್ರಿ" ಎಂದು ಇಳಿದ.

"ಎಲ್ಲಿಗೆ ಹೊಂಟೀಲೇ?" ಸಾವ್ಕಾರರು ಕೂಗಿದರು. ಅವನು ಹಿಂದಿರುಗಿ ನೋಡಲಿಲ್ಲ. ನಾನು ಇನ್ನೂ ಕೂತೇ ಇದ್ದೆ. ಯಾಕೆ ಕೂತಿದ್ದೆನೋ ಗೊತ್ತಿಲ್ಲ. ಸಾವ್ಕಾರರು ನನ್ನ ಕಡೆ ತಿರುಗಿ, "ಲೇ ಬಡಿಗ್ಯಾ, ಆ ಗ್ಲಾಸ ತೊಳದಿಡು" ಎಂದರು. ಆಗ ನನ್ನ ಉಪಕರಣದ ಚೀಲ ಹೆಗಲಿಗೇರಿಸಿ ನಾನೂ ಇಳಿದೆ. ಬೈಗುಳ ಬಹಳ ದೂರ ಕೇಳಿಸಿತು. ಅವರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ.

ಟಿಕೋಟಾ ನಾಲ್ಕು ಮೈಲಿ ಇತ್ತು. ಬಿಸಿಲಿನಲ್ಲಿ ನಡೆಯುತ್ತ ಡ್ರೈವರ್ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಹೇಳಿದ: "ಎಂಟ ವರ್ಷ ಅವನ ಉಗುಳ ತೊಳದೇನಿ. ನನ್ನ ಹೆಂಡ್ತಿಗಿ ಒಮ್ಮೆನೂ ಹೇಳಿಲ್ಲ. ಆಕಿ ನನ್ನ ಕೈಗೆ ರೊಟ್ಟಿ ಕೊಡತಾಳ, ಹೆಂಗ ಹೇಳಲಿ?"

ಅವನು ತೊಳೆದ, ನಾನು ಅದಕ್ಕೆ ಹೊಂದುವ ಗೂಡು ಮಾಡಿದೆ. ಒಂದಲ್ಲ, ಮೂರು ಸಲ. ಮೂರನೆಯದಕ್ಕೆ ಮುಚ್ಚಳವನ್ನೂ ಇಟ್ಟೆ.

ಒಂದು ವಾರದೊಳಗೆ ಸಾವ್ಕಾರರಿಗೆ ಬೇರೆ ಡ್ರೈವರ್ ಸಿಕ್ಕ, ಬೇರೆ ಬಡಿಗನೂ ಸಿಕ್ಕ. ಬಟ್ಟಲು ಮತ್ತೆ ಡ್ಯಾಶ್‌ಬೋರ್ಡಿನ ನಡುವಿಗೆ ಬಂತೆಂದು ಕೇಳಿದೆ. ನಮ್ಮ ಡ್ರೈವರ್ ಎಣ್ಣೆ ಗಾಣದವರೊಬ್ಬರ ಲಾರಿಗೆ ಸೇರಿಕೊಂಡ. ನಾನು ಈ ಕಥೆ ಹೇಳಿದಾಗಲೆಲ್ಲ ಪೇಟೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೇಳುವುದನ್ನೇ ಬಿಟ್ಟೆ.

ಅಂದು ಟಿಕೋಟಾ ಮುಟ್ಟಿದ ಕೂಡಲೇ ನಾವು ಮೊದಲು ಹೋಗಿದ್ದು ಬಾವಿಗೆ. ಡ್ರೈವರ್ ನೀರು ಸೇದಿ ಸುರಿದ, ನಾನು ಮಣ್ಣು ಹಚ್ಚಿ ಕೈ ಉಜ್ಜಿದೆ. ಆಮೇಲೆ ನಾನು ಸೇದಿದೆ, ಅವನು ಉಜ್ಜಿದ. ಅವನು ಎಷ್ಟು ಹೊತ್ತು ಉಜ್ಜಿದನೆಂದರೆ, ನೀರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಕೊಡ ಕೆಳಗಿಟ್ಟು, "ಏನ್ ಮುಟ್ಟಿ ಬಂದೀಯೋ ಯಪ್ಪಾ?" ಎಂದು ಕೇಳಿದಳು.

"ಇನ್ನೊಂದು ಕೊಡ ಹಾಕ ತಾಯಿ" ಎಂದ ಅವನು. ಆಕೆ ಹಾಕಿದಳು.