ಸೇರಿನಲ್ಲಿ ಒಂದು ಹಿಡಿ ಜೋಳ

ದೇವದುರ್ಗದ ಕೂಲಿಯವರ ಮಗ ಮೂಕಪ್ಪ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದ. ಹೆಸರಷ್ಟೇ ಮೂಕ, ಹಲಗೆ ಹಿಡಿದು ನಿಂತರೆ ಮೂರು ಓಣಿಗೆ ಕೇಳುವ ಗಂಟಲು. ಸೇಂದಿ ಬಿದ್ದರೇ ಆ ಗಂಟಲು ಬಿಚ್ಚುತ್ತದೆ ಎಂಬುದು ಅವನಪ್ಪನ ಕಾಲದ ನಂಬಿಕೆ. ಹೆಣದ ಮುಂದೆ ಹಲಗೆ ಬಡಿದವರಿಗೆ ಊರವರು ಕೊಡುತ್ತಿದ್ದುದೇ ಸೇಂದಿ. ದಲಿತ ಸಂಘಟನೆಗೆ ಬಂದ ಹುಡುಗರು ಸತ್ತ ದನ ಎಳೆಯುವುದನ್ನು ಬಿಟ್ಟರು, ಹೆಣಕ್ಕೆ ಹಲಗೆ ಬಡಿಯುವುದನ್ನು ಬಿಟ್ಟರು. ಸೇಂದಿಯನ್ನು ಮಾತ್ರ ಹೋರಾಟದೊಳಗೂ ಎಳೆದುಕೊಂಡು ಬಂದರು.

ಅದರ ಫಲವನ್ನು ಮೂಕಪ್ಪ ಎಪ್ಪತ್ತೆಂಟನೇ ಇಸವಿಯಲ್ಲಿ ಉಂಡ. ಸರಿಯಾದ ಕೂಲಿ ಕೇಳಿದ್ದಕ್ಕೆ ಒಂದು ಹಳ್ಳಿಯಲ್ಲಿ ಮಲ್ಲಯ್ಯನೆಂಬ ಆಳನ್ನು ಬಡಿದು ಕೊಂದಿದ್ದರು. ಮಾನ್ವಿಯಲ್ಲಿ ಮೆರವಣಿಗೆ. ಮುಂದೆ ಮಲ್ಲಯ್ಯನ ಹೆಂಡತಿ ವೆಂಕಮ್ಮ. ಅವಳ ರಟ್ಟೆ ಹಿಡಿದು ತಮ್ಮ ಬೂದೆಪ್ಪ. ಹಾಡಿನ ಕೊನೆಗೆ ಸತ್ತವನ ಹೆಸರನ್ನು ಮೂರು ಸಲ ಕೂಗುವುದು, ಜನ ಓಗೊಡುವುದು ಪದ್ಧತಿ. ಹೊಟ್ಟೆಯಲ್ಲಿ ಎರಡು ಮೊಗೆ ಸೇಂದಿ ಇಟ್ಟುಕೊಂಡಿದ್ದ ಮೂಕಪ್ಪ, ಕಣ್ಣೆದುರಿಗಿದ್ದ ಬೂದೆಪ್ಪನ ಹೆಸರನ್ನೇ ಕೂಗಿಬಿಟ್ಟ. ಜನರೂ ರೂಢಿಯಂತೆ ಓಗೊಟ್ಟರು. ವೆಂಕಮ್ಮ ತಮ್ಮನನ್ನು ಹಿಂದಕ್ಕೆ ಎಳೆದುಕೊಂಡಳು.

"ಒಬ್ಬನ್ನ ನುಂಗಿದ್ದು ಸಾಲಲಿಲ್ಲೇನೋ? ಇವನ್ನೂ ಹೂಳಾಕ ಬಂದಿಯೇನು?"

ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ಮುಖಂಡ ಕೆನ್ನೆಗೆ ಬಿಟ್ಟ. ಗೆಳೆಯರು ಬಾಬಾಸಾಹೇಬರ ಪಟದ ಮೇಲೆ ಆಣೆ ಹಾಕಿಸಿಕೊಂಡರು. ಇನ್ನೊಂದು ಸಲ ಕುಡಿದು ಬಂದರೆ ಟ್ರಂಕು ಬೀದಿಗೆ ಎಂದ ವಾರ್ಡನ್. ಆಣೆ ಹಾಕಿದ ಸಂಜೆಯೇ ಮೂಕಪ್ಪ ಕುಡಿದ. ಬೈಸಿಕೊಂಡಷ್ಟೂ ಅವನಿಗೆ ಬಾಯಾರಿಕೆ.

ಬೈಯದೆ ಉಳಿದವಳು ಒಬ್ಬಳೇ, ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಬಾಗಲವಾಡದ ದಾವಲ್ ಬೀ. ಕುಡುಕ ಗಂಡ ಅಲ್ಲಾಉದ್ದೀನನನ್ನು ಹನ್ನೊಂದು ವರ್ಷ ಬೈದೂ ಬೈದೂ ಮಣ್ಣು ಮಾಡಿ ಬಂದವಳು. "ನಾ ಬಿಡು ಅನ್ನಾಕಿ, ಅವ ಬಿಡಾಂಗಿಲ್ಲ ಅನ್ನಾಂವ. ನಾ ಬಾಯಿ ಮುಚ್ಚಿದ್ರ ಅವನ ಬಾಯಾಗ ಬ್ಯಾರೆ ಮಾತು ಬರ್ತಿತ್ತೋ ಏನೋ" ಎನ್ನುತ್ತಿದ್ದಳು.

ಭಾನುವಾರ ಮಧ್ಯಾಹ್ನ ಜೋಳದಲ್ಲಿನ ಹರಳು ಆರಿಸಿ ಹಸನು ಮಾಡುತ್ತಿದ್ದವಳು ಮೂಕಪ್ಪನನ್ನು ಕರೆದಳು.

"ಬಾ, ಕುಂದ್ರು. ಹಳ್ಳು ಆರಸು."

"ನೀನೂ ಬೈಯಾಕಿದ್ರ ಲಗೂನ ಬೈದು ಮುಗಸು, ದಾವಲವ್ವಾ."

"ನನಗೇನು ದರ್ದು? ಸೇಂದಿ ಕುಡದ್ರ ಏನು ಚಲೋ ಅನಸ್ತದ, ಅದನ್ನರ ಹೇಳು."

ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಕೈ ನಡಗೋದು ನಿಂದರ್ತದ. ಗೌಡರ ಮನಿ ಮುಂದ ದನಿ ಏರಸಬೇಕಂದ್ರ ಎದಿ ಒಣಗತದಬೇ."

"ಅಂಜಿಕಿ ಹೋಗ್ತದ ಅನ್ನು. ಮತ್ತ ಚಲೋ ಅನಸಲಾರದ್ದು?"

ಮೂಕಪ್ಪ ಒಂದು ಹಳ್ಳು ಆರಿಸಿ ಎಸೆದ. "ಆವತ್ತು ವೆಂಕಮ್ಮನ ಮಾರಿ ನೋಡಿದ್ದು."

ದಾವಲ್ ಬೀ ಜೋಳ ಅಳೆಯುವ ಸೇರನ್ನು ಅವನ ಮುಂದೆ ಸರಿಸಿದಳು. "ಬಿಡಬೇಕನ್ನೋ ಮನಸು ಎಷ್ಟದ ಅಷ್ಟು ಜೋಳ ಹಾಕು. ಸುಳ್ಳು ಅಳತಿ ಬ್ಯಾಡ."

ಅವನು ಒಂದೇ ಹಿಡಿ ಹಾಕಿದ. ಇಷ್ಟೇ ಏಕೆ ಎಂದು ಕೇಳಿದರೆ ಹೇಳಲು ಹತ್ತು ನೆವ ಅವನಲ್ಲಿ ತಯಾರಿದ್ದವು. ಆಕೆ ಸೇರಿನೊಳಗೆ ಬಗ್ಗಿ ನೋಡಿದಳು.

"ಒಂದು ಹಿಡಿ ಅದ! ಪೂರಾ ಖಾಲಿ ಯಾಕ ಬಿಡಲಿಲ್ಲ?"

ಹತ್ತೂ ನೆವಗಳು ಕೆಲಸಕ್ಕೆ ಬರಲಿಲ್ಲ. "ಮತ್ತ ಮಾನ್ವಿಗೆ ಹೋಗಬೇಕು," ಎಂದ. "ಆ ಯವ್ವನ ಮುಂದ ನೆಟ್ಟಗ ನಿಂತು ಮಲ್ಲಯ್ಯನ ಹೆಸರು ಕೂಗಬೇಕು."

"ಅದಕ್ಕ ಏನು ಮಾಡ್ತಿ?"

"ಹಾಡೋ ದಿನ ಸೇಂದಿ ಮುಟ್ಟಾಂಗಿಲ್ಲ. ಪೂರಾ ಬಿಡ್ತೀನಂತ ಹೇಳಾಂಗಿಲ್ಲ ಮತ್ತ."

"ನಾ ಎಲ್ಲಿ ಕೇಳೀನಿ? ಗಂಟಲಿಗೆ ಏನು ಮಾಡ್ತಿ?"

"ಬಿಸಿ ಗಂಜಿ ಕಾಸಿ ಕೊಡು."

"ಕೊಡ್ತೀನಿ. ಉಪ್ಪು ನೀನ ಹಾಕ್ಕೋ."

ಹಾಡಿದ ದಿನ ಬಿಟ್ಟ, ಆಮೇಲೆ ಹಾಡದ ದಿನವೂ ಬಿಟ್ಟ. ಹದಿನೈದನೆಯ ದಿನ ಮಟಮಾರಿಯ ಮದುವೆಯಲ್ಲಿ ಕುಡಿದು ತೂರಾಡುತ್ತ ಬಂದ. ಪುಣ್ಯಕ್ಕೆ ವಾರ್ಡನ್ ಊರಲ್ಲಿರಲಿಲ್ಲ.

"ನಡುವ ಕುಡೀಲಾರದ ಎಷ್ಟು ದಿನ ಇದ್ದಿ?" ಮರುದಿನ ದಾವಲ್ ಬೀ ಕೇಳಿದಳು.

"ಹದಿನಾಕು."

"ಮೊದಲು ಎಷ್ಟಿರ್ತಿದ್ದಿ?"

"ಎರಡು ದಿನಾನೂ ಇಲ್ಲ."

"ಹೂಂ. ಗಂಜಿ ಆರತದ, ಕುಡಿ."

ಮರುವರ್ಷ ಮಲ್ಲಯ್ಯ ಸತ್ತ ದಿನ ಮಾನ್ವಿಯಲ್ಲಿ ಮತ್ತೆ ಜನ ಸೇರಿದರು. ಮೊದಲ ಸಾಲಿಗೆ ಮೂಕಪ್ಪನ ದನಿ ಒಡೆಯಿತು. ಕುಡಿಯದೆ ನಿಂತರೆ ಅಂಜಿಕೆ ಎಲ್ಲಿಗೂ ಹೋಗುವುದಿಲ್ಲ, ಪಕ್ಕದಲ್ಲೇ ನಿಂತಿರುತ್ತದೆ. ಅದನ್ನು ನಿಲ್ಲಿಸಿಕೊಂಡೇ ಅವನು ಮೂರು ಸಲ ಮಲ್ಲಯ್ಯನನ್ನು ಕೂಗಿದ. ಜನ ಓಗೊಟ್ಟರು. ವೆಂಕಮ್ಮ ಹತ್ತಿರ ಬಂದಳು, ಅವನ ಬಾಯಿ ಮೂಸಿ ನೋಡಿದಳು. "ಈ ಸಲ ಸರಿಯಾಗಿ ಕರದಿ," ಎಂದು ನಡೆದಳು. ಅದಕ್ಕಿಂತ ದೊಡ್ಡ ಮಾತನ್ನು ಮೂಕಪ್ಪ ಬಯಸಿರಲಿಲ್ಲ.

ಓದು ಮುಗಿಸಿ ದೇವದುರ್ಗದ ಕಡೆ ಮೇಷ್ಟರಾದ. ಹೋರಾಟದಲ್ಲಿ ಭಾಷಣ ಮಾಡಿ ತನ್ನನ್ನು ಎಬ್ಬಿಸಿದವರು ಬಹಳ ಮಂದಿ, ಬಾಯಿ ಮುಚ್ಚಿ ಎಬ್ಬಿಸಿದವಳು ದಾವಲ್ ಬೀ ಒಬ್ಬಳೇ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಎಂಬತ್ತಾರರ ಸುಗ್ಗಿಯಲ್ಲಿ ಚೀಲದಲ್ಲಿ ಹೊಸ ಜೋಳ ಹೊತ್ತುಕೊಂಡು ಬಾಗಲವಾಡಕ್ಕೆ ಹೋದ. ಮುದುಕಿ ಒಳಗಿನಿಂದ ಸೇರು ತಂದಿಟ್ಟಳು. ಮೂಕಪ್ಪ ಸುರಿದ, ಸೇರಿನ ಬಾಯಿಗೆ ಒಂದು ಬೆರಳು ಕಡಿಮೆ ಇರುವಾಗ ಕೈ ತಡೆದ.

"ಇಷ್ಟನ?"

"ಇಷ್ಟ ಯವ್ವಾ. ಮದುವಿ ಮನ್ಯಾಗ ಸೇಂದಿ ವಾಸನಿಗೆ ಇನ್ನೂ ಮೂಗು ಅರಳತದ."

"ಖರೇ ಅಳತಿ," ಎಂದು ದಾವಲ್ ಬೀ ಸೇರನ್ನು ಮೊರಕ್ಕೆ ಬೋರಲು ಹಾಕಿದಳು. "ಹಂಗ ತಂದಿಯಲ್ಲೋ ಮೇಷ್ಟ್ರ! ಹಳ್ಳು ಯಾರು ಆರಸ್ತಾರ, ನಿಮ್ಮಪ್ಪನೇನು?"

ಮೇಷ್ಟರು ಅಂಗಿಯ ತೋಳು ಮಡಚಿ ಮೊರದ ಮುಂದೆ ಕುಳಿತರು.